ಕುಡಿಯದೆ ಕೆಳಗಿಟ್ಟ ಗಹ್ವಾ

ಆಗ ನನಗೆ ಐವತ್ತೆಂಟು ವರ್ಷ. ಅದಕ್ಕೆ ಈಗ ಒಂಬತ್ತು ವರ್ಷವಾಯಿತು. ದೋಹಾದ ಒಂದು ಸರಕಾರಿ ಕಚೇರಿಯಲ್ಲಿ ಚಹಾ ಮತ್ತು ಗಹ್ವಾ ಕೊಡುವ ಕೆಲಸ ನನ್ನದು. ಗಹ್ವಾ ಎಂದರೆ ಅರಬಿಗಳ ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಜಾಸ್ತಿ. ಕೆಲಸದ ಕಾಗದದಲ್ಲಿ ನನ್ನನ್ನು 'ಟೀ ಬಾಯ್' ಎಂದು ಬರೆದಿದ್ದರು. ಹೆಂಗಸಿಗೆ ಬಾಯ್ ಎಂದು ಯಾಕೆ ಬರೆದಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದನ್ನು ತಿದ್ದಿಸಲು ಮತ್ತೆ ನಾಲ್ಕು ಬಾಗಿಲು ಸುತ್ತಬೇಕಿತ್ತು.

ನಾನು ಬಜಪೆ ಕಡೆಯವಳು. ಮನೆಯಲ್ಲಿ ಕೊಂಕಣಿ. ಕನ್ನಡ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಈಗ ಅಲ್ ವುಕೈರ್‌ನಲ್ಲಿ ಮಗಳ ಜೊತೆ ಇದ್ದೇನೆ. ಅವಳು ನರ್ಸ್. ಶುಕ್ರವಾರ ಪೂಜೆ ಮುಗಿಸಿ ಚರ್ಚಿನ ಹೊರಗೆ ನಿಂತರೆ ಊರಿನಿಂದ ಹೊಸದಾಗಿ ಬಂದ ಹೆಂಗಸರು ಹತ್ತಿರ ಬರುತ್ತಾರೆ. "ಫ್ಲೋರಿ ಬಾಯಿ, ಆಫೀಸಲ್ಲಿ ಚಾ ಕೊಡುದು ಅಂದ್ರೆ ಅದರಲ್ಲಿ ಎಂತ ಕಲಿಯಲಿಕ್ಕುಂಟು?" ಎಂದು ಕೇಳುತ್ತಾರೆ. ಬಿಸಿಲಿನಲ್ಲಿ ನಿಂತು ಹೇಳಿ ಮುಗಿಯುವ ವಿಷಯ ಅಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಮೊಮ್ಮಗಳಿಗೆ ಓದಿ ನೋಡು ಎಂದರೆ ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ತಪ್ಪು ತಿದ್ದುವವರು ಯಾರೂ ಇಲ್ಲ. ವಿಷಯ ತಿಳಿದರೆ ಸಾಕು.

ಆ ಕಚೇರಿಯಲ್ಲಿ ಏನು ನಡೆಯುತ್ತಿತ್ತು ಎಂದು ಮೊದಲು ಹೇಳುತ್ತೇನೆ. ಬ್ಯಾಂಕಿನವರು, ಸಾಲ ಕೊಡುವ ಕಂಪನಿಯವರು, ಊರಿಗೆ ಹಣ ಕಳಿಸುವ ಅಂಗಡಿಯವರು ಮೋಸ ಮಾಡಿದರೆ ಜನ ಅಲ್ಲಿಗೆ ಬಂದು ದೂರು ಹೇಳಬಹುದಿತ್ತು. ಅರಬಿಗಳೂ ಬರುತ್ತಿದ್ದರು, ನಮ್ಮವರೂ ಬರುತ್ತಿದ್ದರು. ಕೆಳಗಿನ ಮಾಳಿಗೆಯಲ್ಲಿ ಕೌಂಟರ್. ಅಲ್ಲಿ ದೂರು ಕೇಳಿ, ಬ್ಯಾಂಕಿನವರನ್ನು ಕರೆಸಿ, ಇಬ್ಬರನ್ನೂ ಎದುರೆದುರು ಕೂರಿಸಿ ಮಾತಾಡಿಸುತ್ತಿದ್ದರು. ಬ್ಯಾಂಕಿನವರಿಗೆ ಆಗದೆ ಇದ್ದದ್ದು ಇದೇ. ಕಾಗದದಲ್ಲಾದರೆ ಅವರು ಎಷ್ಟು ಬೇಕಾದರೂ ಬರೆಯುತ್ತಾರೆ. ದೂರು ಕೊಟ್ಟವನ ಮುಖ ನೋಡಿಕೊಂಡು ಮಾತಾಡಬೇಕಾದಾಗ ಅವರ ಬಾಯಿ ಒಣಗುತ್ತಿತ್ತು. ನನಗೆ ಹೇಗೆ ಗೊತ್ತು ಎಂದರೆ, ಹೆಚ್ಚು ನೀರು ಕೇಳುತ್ತಿದ್ದವರು ಅವರೇ.

ಆ ಕೌಂಟರನ್ನು ಶುರು ಮಾಡಿದವರು ಬು ಖಾಲಿದ್ ಎಂಬ ಹಿರಿಯ ಅಧಿಕಾರಿ. ಅದಕ್ಕೂ ಮೊದಲು ನಾನು ಉಮ್ಮ್ ಸಲಾಲ್‌ನಲ್ಲಿ ಅವರ ಅಕ್ಕನ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದೆ. ಮನೆಯ ಮಕ್ಕಳು ದೊಡ್ಡವರಾದ ಮೇಲೆ ಆ ಅಮ್ಮ ತಮ್ಮನಿಗೆ ಹೇಳಿ ನನ್ನನ್ನು ಕಚೇರಿಗೆ ಸೇರಿಸಿದರು. ಅವರ ಮನೆಯಲ್ಲಿ ಗಹ್ವಾ ಕುದಿಸಲು ಕಲಿತಿದ್ದೆ. ಆದರೆ ಕುದಿಸುವುದು ಅಡಿಗೆಮನೆಯಲ್ಲಿ, ಕೊಡುವುದು ಗಂಡಸರ ಚಾವಡಿಯಲ್ಲಿ. ಅಲ್ಲಿಗೆ ನಾವು ಹೆಂಗಸರು ಹೋಗುತ್ತಿರಲಿಲ್ಲ. ಹಾಗಾಗಿ ಕೊಡುವ ಕ್ರಮ ನನಗೆ ಗೊತ್ತಿರಲಿಲ್ಲ.

ಮೊದಲ ದಿನವೇ ಎಡವಟ್ಟು ಮಾಡಿದೆ. ಗಹ್ವಾ ಕುಡಿಯುವುದು ಹಿಡಿ ಇಲ್ಲದ ಸಣ್ಣ ಬಟ್ಟಲಿನಲ್ಲಿ. ಅದಕ್ಕೆ ಫಿಂಜಾನ್ ಎನ್ನುತ್ತಾರೆ. ನಮ್ಮ ಊರಿನಲ್ಲಿ ಅರ್ಧ ಲೋಟ ಚಾ ಕೊಟ್ಟರೆ ಮನೆಯವರಿಗೆ ಜಿಪುಣರು ಎನ್ನುತ್ತಾರಲ್ಲ, ಹಾಗಾಗಿ ನಾನು ಕಂಠದವರೆಗೆ ತುಂಬಿಸಿ ಕೊಟ್ಟೆ. ಅತಿಥಿ ಒಮ್ಮೆ ಬಟ್ಟಲನ್ನು, ಒಮ್ಮೆ ಬು ಖಾಲಿದರನ್ನು ನೋಡಿದ.

"ಖಾಲಾ," ಎಂದರು ಬು ಖಾಲಿದ್. ಖಾಲಾ ಎಂದರೆ ಚಿಕ್ಕಮ್ಮ. ವಯಸ್ಸಾದ ಹೆಂಗಸನ್ನು ಅವರು ಹಾಗೆ ಕರೆಯುವುದು. "ಇವರು ಈಗಷ್ಟೇ ಬಂದದ್ದು. ಇಷ್ಟು ಬೇಗ ಯಾಕೆ ಓಡಿಸುತ್ತೀ?"

ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದು ಅರ್ಥವಂತೆ. ತಳ ಮುಚ್ಚುವಷ್ಟು ಮಾತ್ರ ಹಾಕಬೇಕು. ಬಲಗೈಯಲ್ಲಿ ಕೊಡಬೇಕು. ಬಟ್ಟಲು ಖಾಲಿಯಾದ ಹಾಗೆ ಮತ್ತೆ ಹಾಕುತ್ತಿರಬೇಕು. ಸಾಕಾದವನು ಬಟ್ಟಲನ್ನು ಆಚೆ ಈಚೆ ಅಲ್ಲಾಡಿಸಿ ತೋರಿಸುತ್ತಾನೆ. ಆಮೇಲೆ ನಿಲ್ಲಿಸಬೇಕು.

ಇದನ್ನೆಲ್ಲ ಕಲಿತೆ. ಆದರೆ ಇನ್ನೊಂದು ಉಂಟು ಎಂದು ಯಾರೂ ಹೇಳಿರಲಿಲ್ಲ. ಒಮ್ಮೆ ಮರುಭೂಮಿಯ ಕಡೆಯಿಂದ ಒಬ್ಬ ಮುದುಕ ಬಂದ. ಬಟ್ಟಲು ತೆಗೆದುಕೊಂಡು ಕುಡಿಯದೆ ಎದುರಿನ ಮೇಜಿನ ಮೇಲೆ ಇಟ್ಟ. ತಣ್ಣಗಾಗಿರಬೇಕು ಎಂದುಕೊಂಡು ನಾನು ಅದನ್ನು ತೆಗೆದು ಬಿಸಿಯದು ಕೊಟ್ಟೆ. ಅದನ್ನೂ ಇಟ್ಟ. ನೊಣ ಬಿದ್ದಿರಬೇಕು ಎಂದು ಅದನ್ನೂ ತೆಗೆದುಕೊಂಡು ಹೋಗಿ ತೊಳೆದು ಇನ್ನೊಂದು ತಂದೆ. ಮುದುಕನ ಮುಖ ಕೆಂಪಾಯಿತು. ಬು ಖಾಲಿದ್ ನಗು ತಡೆಯಲಾಗದೆ ತಲೆವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು.

ಆಮೇಲೆ ಹೇಳಿದರು. ಒಬ್ಬನಿಗೆ ದೊಡ್ಡದಾಗಿ ಏನಾದರೂ ಕೇಳಲಿಕ್ಕಿದ್ದರೆ ಅವನು ಗಹ್ವಾ ಕುಡಿಯದೆ ಮನೆಯವನ ಎದುರು ಇಡುತ್ತಾನೆ. ನನ್ನ ಮಾತು ನಡೆಸಿಕೊಡು, ಆಮೇಲೆ ಕುಡಿಯುತ್ತೇನೆ ಎಂದು ಲೆಕ್ಕ. ಮನೆಯವನು ಏನು ಬೇಕು ಎಂದು ಕೇಳಲೇಬೇಕು. ಆಗುವ ವಿಷಯವಾದರೆ ಆಗಲಿ, ಕುಡಿ ಎನ್ನಬೇಕು. ಕುಡಿಯದೆಯೇ ಎದ್ದು ಹೋದರೆ ಮನೆಯವನಿಗೆ ಮರ್ಯಾದೆ ಹೋದ ಹಾಗೆ.

"ನೀನು ಅವನ ಅರ್ಜಿಯನ್ನು ಎರಡು ಸಲ ತೊಳೆದು ಹಾಕಿದಿ," ಎಂದರು.

ಹೊಸಬರಿಗೆ ಹೇಳುತ್ತೇನೆ. ಎದುರಿಗೆ ಇಟ್ಟ ಬಟ್ಟಲನ್ನು ಕೇಳದೆ ಮುಟ್ಟಬೇಡಿ.

ಬು ಖಾಲಿದ್ ನಿವೃತ್ತರಾದ ಮೇಲೆ ಗಲಾಟೆ ಶುರುವಾಯಿತು. ಗಲಾಟೆ ಎಂದರೆ ಕೂಗಾಟ ಅಲ್ಲ. ಅಲ್ಲಿ ಯಾರೂ ಸ್ವರ ಎತ್ತುವುದಿಲ್ಲ. ಬ್ಯಾಂಕಿನ ದೊಡ್ಡವರು ಇನ್ನೂ ದೊಡ್ಡವರ ಮನೆಗಳಿಗೆ ಹೋಗಿ, ಈ ಕೌಂಟರಿನಿಂದ ವ್ಯಾಪಾರಕ್ಕೆ ತೊಂದರೆ, ಕಂಡಕಂಡವರು ಬಂದು ನಮ್ಮ ಮೇಲೆ ಹೇಳುತ್ತಾರೆ ಎಂದು ದೂರಿದರಂತೆ. ಕೌಂಟರ್ ಬೇಕು ಎನ್ನುವವರೂ ಮೇಲೆ ಇದ್ದರು, ಬೇಡ ಎನ್ನುವವರೂ ಇದ್ದರು. ಯಾರ ಕೈ ಮೇಲಾಯಿತು ಎಂದು ನಮಗೆ ಹೊರಗಿನ ಬೋರ್ಡಿನಲ್ಲಿ ತಿಳಿಯುತ್ತಿತ್ತು. ಒಂದು ವರ್ಷ ಕಚೇರಿಯ ಹೆಸರಿನಲ್ಲಿ 'ರಕ್ಷಣೆ' ಎಂದು ಇತ್ತು. ಮರುವರ್ಷ ಅದನ್ನು ತೆಗೆದು 'ಸೇವೆ' ಎಂದು ಹಾಕಿದರು. ಮತ್ತೆ 'ರಕ್ಷಣೆ' ಬಂತು, ಆದರೆ ಸಣ್ಣ ಅಕ್ಷರದಲ್ಲಿ. ಬೋರ್ಡು ಕಟ್ಟಲು ಬರುತ್ತಿದ್ದ ಕಾಸರಗೋಡಿನ ಹುಸೇನ್, "ಬಾಯಮ್ಮ, ಏಣಿ ಇಲ್ಲೇ ಇಡ್ತೇನೆ, ಹೇಗೂ ಬರ್ಲಿಕ್ಕುಂಟು," ಎನ್ನುತ್ತಿದ್ದ.

ಕೌಂಟರನ್ನು ನೋಡಿಕೊಳ್ಳುತ್ತಿದ್ದವಳು ಮರಿಯಂ. ಕತಾರಿನವಳೇ, ನಲವತ್ತರ ಹತ್ತಿರದವಳು. ಗಹ್ವಾ ಮುಟ್ಟುತ್ತಿರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಕರಕ್ ಚಾ, ಹಾಲು ಹಾಕಿ ಗಟ್ಟಿ ಕುದಿಸಿದ್ದು. ದೊಡ್ಡ ಅಧಿಕಾರಿಯಾದರೂ ಕೌಂಟರಿನಲ್ಲಿ ತಾನೇ ಕೂರುತ್ತಿದ್ದಳು. ಬಾಯಿ ಜೋರು. ನನ್ನ ಮೇಲೂ ರೇಗುತ್ತಿದ್ದಳು.

ಬು ಖಾಲಿದರ ಜಾಗಕ್ಕೆ ಬಂದವರು ಡಾಕ್ಟರ್ ಸೈಫ್. ರೋಗ ನೋಡುವ ಡಾಕ್ಟರಲ್ಲ, ದೂರದ ದೇಶದಲ್ಲಿ ಓದಿ ಬಂದವರು. ಕೆಟ್ಟವರು ಎಂದು ನಾನು ಹೇಳುವುದಿಲ್ಲ. ನನ್ನ ಮಂಡಿ ನೋವು ಕಂಡು ಪ್ಯಾಂಟ್ರಿಯಲ್ಲಿ, ಅಂದರೆ ನನ್ನ ಚಹಾದ ಕೋಣೆಯಲ್ಲಿ, ಒಂದು ಕುರ್ಚಿ ಹಾಕಿಸಿದ್ದು ಅವರೇ. ಬು ಖಾಲಿದ್ ಅಷ್ಟು ವರ್ಷ ನನ್ನನ್ನು ನಿಲ್ಲಿಸಿಯೇ ಇಟ್ಟಿದ್ದರು. ಆದರೆ ಡಾಕ್ಟರನ್ನು ಕಳಿಸಿದ್ದು ಕೌಂಟರ್ ಮುಚ್ಚಿಸಲು. ಅದು ಎಲ್ಲರಿಗೂ ಗೊತ್ತಿತ್ತು.

ಅವರು ಒಂದೇ ಸಲ ಮುಚ್ಚಲಿಲ್ಲ. ಮೊದಲು, ನಮ್ಮಂಥವರ ಮಾತನ್ನು ಅರಬಿಗೆ ತಿರುಗಿಸಿ ಹೇಳುವ, ಭಾಷೆ ತಿಳಿಸುವವರನ್ನು ತೆಗೆದರು. ಆಮೇಲೆ ಕೌಂಟರಿನ ಎದುರಿದ್ದ ಕುರ್ಚಿಗಳನ್ನು ಕಡಿಮೆ ಮಾಡಿದರು. ದೂರು ಇದ್ದವರು ಮೊಬೈಲಿನಲ್ಲಿ ಹಾಕಲಿ ಎಂದು ಗೋಡೆಗೆ ಚೀಟಿ ಅಂಟಿಸಿದರು. ಬಾಕಿ ಇರುವ ದೂರುಗಳನ್ನೆಲ್ಲ ಬೇರೆ ಇಲಾಖೆಗೆ ಕಳಿಸುವುದು ಎಂದಾಯಿತು. ಆ ಇಲಾಖೆಯಲ್ಲಿ ಕೂತವರು ಮೊದಲು ಬ್ಯಾಂಕಿನಲ್ಲಿದ್ದವರು ಎಂದು ಮರಿಯಂ ಹೇಳುತ್ತಿದ್ದಳು.

ಅದೇ ವಾರ ಗಹ್ವಾ ನಿಲ್ಲಿಸಿದರು. ಒಂದು ಯಂತ್ರ ತಂದು ಪ್ಯಾಂಟ್ರಿಯಲ್ಲಿಟ್ಟರು. ಗುಂಡಿ ಒತ್ತಿದರೆ ಕಾಗದದ ಲೋಟಕ್ಕೆ ಕಂದು ಬಣ್ಣದ ನೀರು ಬೀಳುತ್ತದೆ. ಫಿಂಜಾನ್‌ಗಳನ್ನು ಕಪಾಟಿನಲ್ಲಿ ಇಡು ಎಂದರು.

"ಏಲಕ್ಕಿಯ ದುಡ್ಡು ಉಳಿಸಲಿಕ್ಕಾ?" ಎಂದು ನಾನು ಮರಿಯಂಳನ್ನು ಕೇಳಿದೆ.

"ಏಲಕ್ಕಿ ಅಲ್ಲ ಖಾಲಾ," ಎಂದಳು. "ಈ ಡಾಕ್ಟರನ ಅಜ್ಜನೂ ಗುಡಾರದಲ್ಲಿ ಕೂತು ಗಹ್ವಾ ಕುಡಿದವನೇ. ಇವನ ಎದುರು ಯಾರಾದರೂ ಬಟ್ಟಲು ಕೆಳಗಿಟ್ಟರೆ ಏನು ಬೇಕು ಎಂದು ಇವನು ಕೇಳಬೇಕಾಗುತ್ತದೆ. ಕಾಗದದ ಲೋಟ ಕೆಳಗಿಟ್ಟರೆ ಕೇಳಬೇಕಾಗಿಲ್ಲ."

ಈಗ ಈರಣ್ಣನ ವಿಷಯ. ಅವನು ಕಚೇರಿಯ ಡ್ರೈವರ್, ಕೊಪ್ಪಳದ ಕಡೆಯವನು. ಇಡೀ ಕಟ್ಟಡದಲ್ಲಿ ನನ್ನ ಜೊತೆ ದಿನವೂ ಕನ್ನಡ ಮಾತಾಡುವವನು ಅವನೊಬ್ಬನೇ. ಅವನ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವನಿಗೆ ನಾಟಕದ ಹಾಗೆ ಕೇಳುತ್ತಿತ್ತಂತೆ. ಅವನ ಅಕ್ಕನ ಗಂಡ ಮಹಾಂತೇಶ ದೊಡ್ಡ ಕಟ್ಟಡಗಳಿಗೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಕೆಲಸದಲ್ಲಿದ್ದ. ಒಂದು ಶುಕ್ರವಾರ ಅವರ ಕ್ಯಾಂಪಿಗೆ ಸಾಲದ ಕಂಪನಿಯ ಏಜೆಂಟ್ ಬಂದು, ಸಹಿ ಹಾಕಿದವರಿಗೆಲ್ಲ ಒಂದೊಂದು ಸ್ಟೀಲಿನ ಊಟದ ಕ್ಯಾರಿಯರ್ ಕೊಟ್ಟನಂತೆ. ಏಜೆಂಟ್ ಎಲ್ಲಿ ಎಲ್ಲಿ ಬೆರಳು ತೋರಿಸಿದನೋ ಅಲ್ಲೆಲ್ಲ ಮಹಾಂತೇಶ ಸಹಿ ಹಾಕಿದ. ಅದರಲ್ಲಿ ಒಂದು ಖಾಲಿ ಚೆಕ್ಕು. ಅವನು ಸಾಲ ತೆಗೆದುಕೊಳ್ಳಲೇ ಇಲ್ಲ. ಆದರೆ ಕಂಪನಿಯವರು ಚೆಕ್ಕಿನಲ್ಲಿ ತಮಗೆ ಬೇಕಾದದ್ದು ಬರೆದು ಬ್ಯಾಂಕಿಗೆ ಹಾಕಿದರು. ಚೆಕ್ಕು ವಾಪಸಾಯಿತು. ಕೇಸಾಯಿತು. ದೇಶ ಬಿಟ್ಟು ಹೋಗಬಾರದು ಎಂದು ತಡೆ ಬಿತ್ತು. ವಿಮಾನ ನಿಲ್ದಾಣದವರೆಗೆ ಹೋಗಿ ವಾಪಸು ಬಂದ ಮೇಲೆಯೇ ಅವನಿಗೆ ವಿಷಯ ತಿಳಿದದ್ದು.

"ಒಂದು ಕ್ಯಾರಿಯರಿಗೆ ಇಷ್ಟೆಲ್ಲವಾ?" ಎಂದು ನಾನು ಕೇಳಿದೆ.

"ಅದರಾಗ ಊಟಾನೂ ಮಾಡಿಲ್ರಿ ಬಾಯಾರ," ಎಂದ ಈರಣ್ಣ. "ಊರಿಗೆ ಒಯ್ಯಾಕಂತ ಹಂಗ ಇಟ್ಟಾನ."

ಅವನ ದೂರು ಮರಿಯಂಳ ಕೌಂಟರಿನಲ್ಲಿತ್ತು. ಅವಳು ಕಂಪನಿಯವರನ್ನು ಒಮ್ಮೆ ಕರೆಸಿಯೂ ಇದ್ದಳು. ಇನ್ನೊಮ್ಮೆ ಕೂರಿಸಿದರೆ ದಾರಿಗೆ ಬರುತ್ತಾರೆ ಎಂದಿದ್ದಳು. ಅಷ್ಟರಲ್ಲಿ ಕೌಂಟರೇ ಹೋಗುವ ಹಾಗಾಯಿತು. ಹೋದರೆ ಅವನು ಮೊದಲಿನಿಂದ ಮೊಬೈಲಿನಲ್ಲಿ, ಅರಬಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಹಾಕಬೇಕು. ಅವನಿಗೆ ಎರಡೂ ಬರುವುದಿಲ್ಲ. ಎರಡು ವರ್ಷದಿಂದ ಊರು ನೋಡದ ಮನುಷ್ಯ ಇನ್ನೆಷ್ಟು ವರ್ಷ ಇಲ್ಲಿ ಕೂರಬೇಕೋ ಯಾರಿಗೂ ಗೊತ್ತಿರಲಿಲ್ಲ.

ಕೌಂಟರ್ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಲಿನಿಂದ ಒಂದು ಕಮಿಟಿ ಬರುತ್ತದೆ ಎಂದಾಯಿತು. ಅದು ಆಗಸ್ಟ್ ತಿಂಗಳ ಒಂದು ಸೋಮವಾರ. ಕಮಿಟಿಯ ಹಿರಿಯ ಬಿಳಿ ಗಡ್ಡದ, ಕೋಲು ಹಿಡಿದ ಅಜ್ಜ. ಅಂಥವರಿಗೆ ಕಾಗದದ ಲೋಟದಲ್ಲಿ ಕೊಡಲು ಆಗುವುದಿಲ್ಲ. ಡಾಕ್ಟರೇ ಪ್ಯಾಂಟ್ರಿಗೆ ಬಂದು, "ಖಾಲಾ, ಇವತ್ತು ಒಂದು ದಿನ ಗಹ್ವಾ ಮಾಡು. ಯಾರ ಎದುರೂ ಬಟ್ಟಲು ಬಿಡಬೇಡ, ಕೂಡಲೇ ಎತ್ತಿಬಿಡು," ಎಂದರು. ನಾನು ಕಪಾಟಿನಿಂದ ಫಿಂಜಾನ್ ಇಳಿಸಿ ತೊಳೆದೆ.

ಅಷ್ಟರಲ್ಲಿ ಈರಣ್ಣ ಮಹಾಂತೇಶನನ್ನು ಕರೆದುಕೊಂಡು ಒಳಗೆ ಬಂದ. ದಪ್ಪ ಮೀಸೆ, ಹಣೆಯಲ್ಲಿ ವಿಭೂತಿ, ಇಸ್ತ್ರಿ ಹಾಕಿದ ಅಂಗಿ. ನಾನು ಚಾ ಹಾಕಲು ಹೋದೆ.

"ಬ್ಯಾಡ್ರಿ ಬಾಯಾರ, ಮಾವಗ ಏನೂ ಕೊಡಬ್ಯಾಡ್ರಿ," ಎಂದ ಈರಣ್ಣ. "ಶ್ರಾವಣ ಸೋಮವಾರ ಐತಿ. ಸಂಜಿಮುಂದ ಲಿಂಗಪೂಜಿ ಆಗೂತನಕ ನೀರೂ ಮುಟ್ಟೂದಿಲ್ಲ."

"ಈ ಸೆಕೆಯಲ್ಲಿ ನೀರೂ ಇಲ್ವಾ? ನಿಮ್ಮ ಶಿವನಿಗೆ ದೋಹಾದ ಆಗಸ್ಟ್ ಗೊತ್ತುಂಟಾ?"

"ಶಿವಗ ಗೊತ್ತೈತ್ರಿ. ಮಾವಗ ಹೇಳವ್ರು ಯಾರು?"

ಮಹಾಂತೇಶ ನಕ್ಕ. "ರಜಾ ತಗೊಂಡೇನ್ರಿ ಅವ್ವಾರ. ನೆಳ್ಳಾಗ ಕುಂತ್ರ ಏನಾಗೂದಿಲ್ಲ," ಎಂದ. ಉಪವಾಸಕ್ಕೆ ಹಾಕಿದ ರಜೆಯಲ್ಲಿ ದೂರಿನ ವಿಷಯ ಏನಾಯಿತು ಎಂದು ಕೇಳಿ ಹೋಗೋಣ ಎಂದು ಬಂದಿದ್ದ, ಅಷ್ಟೆ. ಕಮಿಟಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಈರಣ್ಣ ಅವನಿಗೆ ಬುದ್ಧಿ ಹೇಳುತ್ತಿದ್ದ. ಇಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಬೇಡ ಎನ್ನಬೇಡ, ತೆಗೆದುಕೊಂಡು ಪಕ್ಕಕ್ಕೆ ಇಡು, ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು.

ಕಮಿಟಿಯವರು ಮೇಲಿನ ಕೋಣೆಯಲ್ಲಿ ಕೂತರು. ಡಾಕ್ಟರ್ ಗೋಡೆಯ ಮೇಲೆ ಬೆಳಕು ಬಿಟ್ಟು ಏನೇನೋ ಗೆರೆಗಳನ್ನು ತೋರಿಸಿದರು. ಗೆರೆ ಕೆಳಗೆ ಇಳಿಯುವುದು ಕಂಡಿತು. ಕೌಂಟರಿಗೆ ಬರುವ ಜನ ಕಡಿಮೆಯಾಗಿದ್ದಾರೆ ಎಂದು ಅದರ ಅರ್ಥವಂತೆ. ಕುರ್ಚಿ ತೆಗೆದರೆ ಜನ ಕಡಿಮೆಯಾಗುವುದೇ ಎಂದು ಮರಿಯಂ ಹೇಳಿದಳು. ಡಾಕ್ಟರ್ ಮರ್ಯಾದೆಯಿಂದ ಉತ್ತರ ಕೊಟ್ಟರು. ಅವಳು ಮತ್ತೆ ಹೇಳಿದಳು. ಹೀಗೆ ಬಹಳ ಹೊತ್ತು ನಡೆಯಿತು. ನಾನು ದಲ್ಲಾ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ದಲ್ಲಾ ಎಂದರೆ ಗಹ್ವಾ ತುಂಬಿಸುವ ಉದ್ದ ಮೂತಿಯ ಪಾತ್ರೆ.

ಅಜ್ಜ ಕೋಲಿನಿಂದ ನೆಲಕ್ಕೆ ಒಮ್ಮೆ ತಟ್ಟಿದರು. "ಗೋಡೆ ನೋಡಿದ್ದಾಯಿತು. ಕೆಳಗೆ ಕೂತವರಲ್ಲಿ ಒಬ್ಬನನ್ನು ಕರೆಯಿರಿ."

ಮರಿಯಂ ಕೆಳಗೆ ಹೋಗಿ ಕಂಡವನನ್ನು ಕರೆದುಕೊಂಡು ಬಂದಳು. ಅದು ಮಹಾಂತೇಶ. ಭಾಷೆ ತಿಳಿಸುವವರು ಇರಲಿಲ್ಲವಲ್ಲ, ಆದ್ದರಿಂದ ಡ್ರೈವರ್ ಈರಣ್ಣ ಹಿಂದೆಯೇ ಬಂದ. ಅಜ್ಜ ಮಹಾಂತೇಶನನ್ನು ಎದುರು ಕೂರಿಸಿ ನನಗೆ ಹೇಳಿದರು, "ಮೊದಲು ಇವನಿಗೆ ಕೊಡು."

ಕೊಡುವುದು ನನ್ನ ಕೆಲಸ. ಕೊಟ್ಟೆ. ಮಹಾಂತೇಶ ಎರಡೂ ಕೈ ಒಡ್ಡಿ ಪ್ರಸಾದ ತೆಗೆದುಕೊಂಡ ಹಾಗೆ ತೆಗೆದುಕೊಂಡ. ಆಮೇಲೆ ಈರಣ್ಣ ಹೇಳಿಕೊಟ್ಟಿದ್ದ ಹಾಗೆ ಎದುರಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಇಟ್ಟು ಕೈ ಕಟ್ಟಿ ಕೂತ.

ನಾನು ಉಳಿದವರಿಗೆಲ್ಲ ಹಾಕಿದೆ. ಅವರು ಕುಡಿದು ಬಟ್ಟಲು ಅಲ್ಲಾಡಿಸಿ ವಾಪಸು ಕೊಟ್ಟರು. ಮಹಾಂತೇಶನ ಬಟ್ಟಲು ಇಟ್ಟಲ್ಲಿಯೇ ಇತ್ತು. ಎಲ್ಲರ ಕಣ್ಣು ಅದರ ಮೇಲೆ. ಅವನಿಗೆ ಮಾತ್ರ ಅದರ ಪರಿವೆ ಇರಲಿಲ್ಲ.

"ಖಾಲಾ, ತೆಗಿ ಅದನ್ನು," ಎಂದರು ಡಾಕ್ಟರ್. "ಅವನಿಗೆ ರುಚಿಸಿಲ್ಲ. ಇಂಡಿಯಾದವನು, ನಮ್ಮ ಪದ್ಧತಿ ಅವನಿಗೆ ಗೊತ್ತಿಲ್ಲ."

"ಇರಲಿ," ಎಂದರು ಅಜ್ಜ.

ಇಬ್ಬರು ಎರಡು ಮಾತು ಹೇಳಿದಾಗ ವಯಸ್ಸಾದವರ ಮಾತು ಕೇಳಬೇಕು. ನಾನು ನಿಂತಲ್ಲಿಯೇ ನಿಂತೆ.

ಅಜ್ಜ ಡಾಕ್ಟರ ಕಡೆ ತಿರುಗಿದರು. "ಅವನಿಗೆ ಗೊತ್ತಿಲ್ಲದೆ ಇರಬಹುದು, ಸೈಫ್. ನಿನಗೆ ಗೊತ್ತುಂಟಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಉಪವಾಸ ಇದ್ದವನಿಗೆ ಅರಬಿಯಲ್ಲಿ 'ಸಾಯಿಮ್' ಎನ್ನುತ್ತಾರೆ. ಅಷ್ಟು ಅರಬಿ ನನಗೆ ಚೆನ್ನಾಗಿ ಬರುತ್ತಿತ್ತು. ತಾವೂ ಒಂದು ತಿಂಗಳು ಉಪವಾಸ ಮಾಡುವ ಜನ ಅವರು. ಆ ಒಂದು ಶಬ್ದ ಹೇಳಿದ್ದರೆ ಅಜ್ಜನೇ ಅವನ ಕ್ಷಮೆ ಕೇಳಿ ಬಟ್ಟಲು ತೆಗೆಸುತ್ತಿದ್ದರು. ಡಾಕ್ಟರ್ ಮತ್ತೆ ಗೋಡೆಯ ಮೇಲೆ ಬೆಳಕು ಬಿಡುತ್ತಿದ್ದರು. ಈರಣ್ಣ ನನ್ನ ಮುಖ ನೋಡಿದ. ನಾನು ದಲ್ಲಾದ ಮುಚ್ಚಳ ನೋಡಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೆ ಮಾತಾಡಬಾರದು ಎಂದು ಕೆಲಸಕ್ಕೆ ಸೇರಿಸುವಾಗಲೇ ಹೇಳಿದ್ದರು.

"ಇವನಿಗೆ ಏನು ಬೇಕು?" ಎಂದು ಅಜ್ಜ ಈರಣ್ಣನನ್ನು ಕೇಳಿದರು.

ಈರಣ್ಣ ಗಂಟಲು ಸರಿ ಮಾಡಿಕೊಂಡು ಕ್ಯಾರಿಯರಿನಿಂದ ಹಿಡಿದು ಏರ್‌ಪೋರ್ಟಿನವರೆಗೆ ಹೇಳಿದ. ಅವನ ಅರಬಿ ರಸ್ತೆಯದು, ಪೆಟ್ರೋಲ್ ಪಂಪಿನಲ್ಲಿ ಕಲಿತದ್ದು. ಆದರೂ ವಿಷಯ ತಿಳಿಯಿತು. ಅಜ್ಜ ಡಾಕ್ಟರನ್ನು ಕೇಳಿದರು, ಈ ದೂರು ಮುಂದೆ ಎಲ್ಲಿಗೆ ಹೋಗುತ್ತದೆ? ಬೇರೆ ಇಲಾಖೆಗೆ, ಮೊಬೈಲಿನಲ್ಲಿ ಹಾಕಬೇಕು ಎಂದರು ಡಾಕ್ಟರ್. ಇವನಿಗೆ ಹಾಕಲು ಬರುತ್ತದಾ? ಡಾಕ್ಟರ್ ಎದುರಿನ ಕಾಗದ ತಿರುವಿದರು.

"ಇವನ ದೂರು ಇಲ್ಲಿಯೇ, ಈ ಕಟ್ಟಡದಲ್ಲಿಯೇ ತೀರುತ್ತದೆ. ಹೇಳು ಅವನಿಗೆ. ಗಹ್ವಾ ಕುಡಿಯಲಿ."

ಈರಣ್ಣ ಕನ್ನಡದಲ್ಲಿ ಹೇಳಿದ. ಮಹಾಂತೇಶ ಎದ್ದು ಕೈ ಮುಗಿದ. ಮತ್ತೆ ಕೂತ. ಬಟ್ಟಲು ಮುಟ್ಟಲಿಲ್ಲ.

"ಕುಡಿ ಅಂತಾರ ಮಾವಾ," ಎಂದ ಈರಣ್ಣ.

"ಸೋಮವಾರ ಐತಲ್ಲೋ ತಮ್ಮಾ. ಶಿವನ ವಾರ."

"ಏನಂದ?" ಎಂದರು ಅಜ್ಜ.

ಈರಣ್ಣ ಮಾವನ ಹಣೆಯ ವಿಭೂತಿ ನೋಡಿದ. ಆಮೇಲೆ, "ದೇವರನ್ನು ನೆನೆಸಿದ," ಎಂದ. ಅದು ಸುಳ್ಳಲ್ಲ.

ಅಜ್ಜ ಗಡ್ಡ ನೀವಿಕೊಂಡರು. ತನ್ನೊಬ್ಬನ ಕೆಲಸ ಆದ ಮೇಲೂ ಕುಡಿಯದೆ ಕೂತಿದ್ದಾನೆ ಎಂದರೆ ಇವನು ಕೆಳಗೆ ಕೂತವರೆಲ್ಲರ ಪರವಾಗಿ ಇಟ್ಟಿದ್ದಾನೆ ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ತಲೆ ಆಡಿಸಿದರು. ಮರಿಯಂ ನನ್ನನ್ನೇ ನೋಡುತ್ತಿದ್ದಳು. ನಾನೇ ಇವನಿಗೆ ಹೇಳಿಕೊಟ್ಟು ಕರೆಸಿದ್ದೇನೆ ಎಂದು ಅವಳು ಎಣಿಸಿದಳು. ಅವಳಿಗೆ ಬೆನ್ನು ಹಾಕಿ ದಲ್ಲಾ ಒರೆಸಿದೆ.

ಅಜ್ಜ ಡಾಕ್ಟರನ್ನು ನೋಡಿದರು. ಡಾಕ್ಟರ್ ಬಟ್ಟಲನ್ನು ನೋಡಿದರು. ಅಷ್ಟು ಓದಿದ ಮನುಷ್ಯ, ಬೇಡ ಎನ್ನಲು ಎಷ್ಟೋ ಮಾತು ಗೊತ್ತಿತ್ತು. ಒಂದನ್ನೂ ಹೇಳಲಿಲ್ಲ. ಹೇಳಿದ್ದರೆ ಆ ಹಿರಿಯರ ಎದುರು ಡಾಕ್ಟರ ಸ್ವಂತ ಅಜ್ಜನ ಹೆಸರು ಹೋಗುತ್ತಿತ್ತು.

"ಆಗಲಿ," ಎಂದರು.

"ಕೌಂಟರ್ ಇರುತ್ತದೆ," ಎಂದರು ಅಜ್ಜ. "ಭಾಷೆ ತಿಳಿಸುವವರೂ ವಾಪಸು ಬರುತ್ತಾರೆ. ಖಲಾಸ್. ಈಗ ಕುಡಿಯಲು ಹೇಳು."

ಈರಣ್ಣ ಮಾವನ ಕಿವಿಯ ಹತ್ತಿರ ಬಗ್ಗಿದ. "ಮಾವಾ, ಈಗ ಕುಡೀಲಿಲ್ಲಂದ್ರ ಆಗಿದ್ದೆಲ್ಲಾ ಹೋತು ನೋಡು. ಶಿವಗ ನಾ ಹೇಳ್ತೀನಿ. ಕುಡಿ."

ಮಹಾಂತೇಶ ಬಟ್ಟಲನ್ನು ಎತ್ತಿ ಹಣೆಗೆ ಒತ್ತಿಕೊಂಡ. ದೇವರಲ್ಲಿ ತಪ್ಪಾಯಿತು ಎಂದು ಹೇಳಿಕೊಂಡಿರಬೇಕು. ಕಮಿಟಿಯವರಿಗೆ ಅದು ತಮಗೆ ಕೊಟ್ಟ ಗೌರವ ಎಂದು ಕಂಡಿತು. ಅವರೂ ಎದೆಗೆ ಕೈ ಇಟ್ಟುಕೊಂಡರು. ಅವನು ಕಣ್ಣು ಮುಚ್ಚಿ ಕುಡಿದ. ತಣ್ಣಗಾದ ಗಹ್ವಾ ಕಷಾಯಕ್ಕಿಂತ ಕಹಿ. ಮುಖ ಹಿಂಡಿಕೊಂಡಿತು.

ಬಟ್ಟಲು ಖಾಲಿಯಾಯಿತಲ್ಲ, ನಾನು ಮತ್ತೆ ಹಾಕಿದೆ. ಕೊಟ್ಟದ್ದನ್ನು ಬೇಡ ಎನ್ನಬಾರದು ಎಂದು ಅವನು ಅದನ್ನೂ ಕುಡಿದ. ಮತ್ತೆ ಹಾಕಿದೆ. ಅವನ ಕಣ್ಣಲ್ಲಿ ನೀರು ಬಂತು.

"ಅಲ್ಲಾಡ್ಸು ಮಾವಾ," ಎಂದ ಈರಣ್ಣ ಹಲ್ಲು ಕಚ್ಚಿಕೊಂಡು. "ಬಟ್ಟಲಾ ಅಲ್ಲಾಡ್ಸು. ಇಲ್ಲಂದ್ರ ಈ ಬಾಯಿ ಬಿಡೂದಿಲ್ಲ."

ಆಮೇಲೆ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಲದ ಕಂಪನಿಯವರ ಜೊತೆ ಮಹಾಂತೇಶನನ್ನು ಮತ್ತೆ ಎರಡು ಸಲ ಕೂರಿಸಿದರು. ನೀರು ಕೊಟ್ಟದ್ದು ನಾನೇ. ಚೆಕ್ಕು ಅವನ ಕೈಗೆ ವಾಪಸು ಬಂತು, ತಡೆಯೂ ಹೋಯಿತು. ಅವನು ಕ್ಯಾರಿಯರ್ ಹಿಡಿದುಕೊಂಡೇ ಊರಿಗೆ ಹೋದ. ಭಾಷೆ ತಿಳಿಸುವವರು ಇಬ್ಬರು ಬಂದರು, ಮೊದಲು ನಾಲ್ವರಿದ್ದರು. ಕೌಂಟರ್ ಈಗಲೂ ಉಂಟಂತೆ, ಬೇರೆ ಕಟ್ಟಡದಲ್ಲಿ, ಬೇರೆ ಹೆಸರಿನಲ್ಲಿ, ಸಣ್ಣದಾಗಿ. ಮೊಬೈಲೂ ಬಂತು, ಅದನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಮರಿಯಂಳನ್ನು ಮರುವರ್ಷ ಎಲ್ಲಿಗೋ ಹಾಕಿದರು. ಅಲ್ಲಿ ಅವಳಿಗೆ ಜಗಳ ಮಾಡಲು ಜನ ಇಲ್ಲವಂತೆ. ಡಾಕ್ಟರ್ ಇನ್ನೂ ಮೇಲೆ ಹೋದರು. ಹೀಗೆ ಯಾರೂ ಪೂರ್ತಿ ಗೆಲ್ಲಲಿಲ್ಲ, ಯಾರೂ ಪೂರ್ತಿ ಸೋಲಲಿಲ್ಲ. ಸರಕಾರಿ ಕಚೇರಿಯಲ್ಲಿ ಹಾಗೆಯೇ. ಹೊಸದಾಗಿ ಸೇರುವವರು ಯಾರ ಪಕ್ಷ ಎಂದು ಕೇಳಿಕೊಂಡು ಒಳಗೆ ಹೋಗಬೇಡಿ. ಇಬ್ಬರಿಗೂ ಬಟ್ಟಲು ತೊಳೆದೇ ಕೊಡಬೇಕು.

ನನಗೆ ಈಗಲೂ ಕಣ್ಣ ಮುಂದೆ ಇರುವುದು ಆ ಸೋಮವಾರದ ಮರುದಿನ.

ಮಂಗಳವಾರ ಬೆಳಗ್ಗೆ ನಾನು ಬೇಗ ಹೋದೆ. ಯಂತ್ರದ ಪ್ಲಗ್ ಕಿತ್ತು ಅದೇ ಜಾಗಕ್ಕೆ ಗಹ್ವಾದ ಒಲೆಯ ಪ್ಲಗ್ ಹಾಕಿದೆ. ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ. ಏಲಕ್ಕಿ ಜಜ್ಜಿ ಹಾಕಿ ಕುದಿಸುತ್ತಿರುವಾಗ ಡಾಕ್ಟರ್ ಬಾಗಿಲಲ್ಲಿ ಬಂದು ನಿಂತರು. ಕಚೇರಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಅವರೇ ನನಗೆ ಹಾಕಿಸಿಕೊಟ್ಟ ಕುರ್ಚಿಯಲ್ಲಿ ಕೂತರು. ನಾನು ಒಂದು ಫಿಂಜಾನಿಗೆ ತಳ ಮುಚ್ಚುವಷ್ಟು ಹಾಕಿ ಬಲಗೈಯಲ್ಲಿ ಕೊಟ್ಟೆ.

ಅವರು ಅದನ್ನು ಕುಡಿಯಲಿಲ್ಲ. ನನ್ನ ಎದುರು, ಸಿಂಕಿನ ಪಕ್ಕದ ಕಲ್ಲಿನ ಮೇಲೆ ಇಟ್ಟರು.

"ಖಾಲಾ," ಎಂದರು. "ಆ ಮನುಷ್ಯ ನಿನ್ನೆ ಯಾಕೆ ಕುಡಿಯಲಿಲ್ಲ?"

ನಾನು ಬಟ್ಟಲನ್ನು ನೋಡಿದೆ. ಹೊಗೆ ಇನ್ನೂ ಏಳುತ್ತಿತ್ತು.

"ತಣ್ಣಗಾಯಿತು ಡಾಕ್ಟರ್," ಎಂದೆ. ಬಟ್ಟಲು ಎತ್ತಿ ಸಿಂಕಿಗೆ ಚೆಲ್ಲಿ, ತೊಳೆದು, ಕವುಚಿ ಇಟ್ಟೆ.